ಹದಿನೇಳನೇ ಮನೆಯ ಮುಂದೆ ನಿಂತವನು

ಎಡಗಾಲು ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ಫೋಟೋದಲ್ಲಿದ್ದವನು ತಾನೇ. ಮೆಟ್ಟಿಲಲ್ಲಿ ಜಾರಿ ಬಿದ್ದಂದಿನಿಂದ ಆ ಪಾದ ಸ್ವಲ್ಪ ಹೊರಕ್ಕೆ ತಿರುಗಿಯೇ ಇರುತ್ತಿತ್ತು. ಬೀದಿಯ ವಾಟ್ಸಾಪ್ ಗ್ರೂಪಿಗೆ ಬಂದಿದ್ದ, ಕಂಬದ ಮೇಲಿನ ಕ್ಯಾಮೆರಾ ತೆಗೆದ ಚಿತ್ರ. ಟೋಪಿ ಕಾಣುತ್ತಿತ್ತು, ಮುಖವಿರಲಿಲ್ಲ. ಕೆಳಗೆ ಕರ್ನಲ್ ಬರೆದಿದ್ದ: 'ನಾಲ್ಕು ದಿನದಿಂದ ಸಂಜೆ ಏಳಕ್ಕೆ ಬರ್ತಾನೆ. ಹದಿನೇಳನೇ ಮನೆ ಮುಂದೆ ಹನ್ನೊಂದು ನಿಮಿಷ ನಿಲ್ತಾನೆ. ಎಲ್ಲರೂ ಹುಷಾರು.'

ಕರ್ನಲ್ ಸೈನ್ಯದ ಮುಖ ಕಂಡವನಲ್ಲ. ವಿಮಾ ಕಚೇರಿಯಿಂದ ನಿವೃತ್ತನಾಗಿ ಬೀದಿಗೆ ಕ್ಯಾಮೆರಾ ಹಾಕಿಸಿದ್ದಕ್ಕೆ ಸಿಕ್ಕ ಬಿರುದು ಅದು.

"ಗ್ರೂಪ್ ನೋಡಿದ್ರಾ?" ಎದುರಿಗೆ ಕೂತ ಹೆಂಡತಿ ಫೋನಿನಿಂದ ಕಣ್ಣೆತ್ತದೆ ಕೇಳಿದಳು. "ಮೈ ಜುಂ ಅಂತು ನಂಗೆ."

"ಯಾರಿರಬಹುದು?"

"ಯಾರೋ ಕಳ್ಳ. ನಿಂತಿರೋ ರೀತಿ ನೋಡಿ. ಒಳ್ಳೆಯವರು ಹಾಗೆ ನಿಲ್ತಾರಾ?"

ಹತ್ತೊಂಬತ್ತು ವರ್ಷದ ಸಂಸಾರ. ಅವನು ಚಹಾ ಮುಗಿಸಿದ. 'ಅದು ನಾನು ಕಣೇ' ಎನ್ನಲು ಎಷ್ಟು ಹೊತ್ತು ಬೇಕು? ಆದರೆ 'ಅಲ್ಲೇನು ಕೆಲಸ ನಿಮಗೆ?' ಎಂದು ಅವಳು ಕೇಳುತ್ತಾಳೆ.

ಉತ್ತರವಿತ್ತು; ಬಾಯಿಬಿಟ್ಟು ಹೇಳುವಂಥದಾಗಿರಲಿಲ್ಲ, ಅಷ್ಟೇ. ಹದಿನೇಳನೇ ಮನೆಯವರು ಜಗಳವಾಡುತ್ತಿದ್ದರು. ಕಿಟಕಿ ತೆರೆದಿಟ್ಟು, ಊಟದ ಮೇಜಿನ ಸುತ್ತ ಅಜ್ಜಿ, ಮಗಳು, ಅಳಿಯ, ಮೊಮ್ಮಗಳು ಎಲ್ಲರೂ ಒಟ್ಟಿಗೆ. ಉಪ್ಪು ಹೆಚ್ಚಾಯಿತೆಂದು, ನನ್ನ ಛತ್ರಿ ಯಾರು ಕಳೆದರೆಂದು. "ನಿನ್ನ ತಲೆ!" "ನಿಮ್ಮಪ್ಪನ ತಲೆ!" ಆಮೇಲೆ ಗೊಳ್ಳೆಂದು ನಗು. ಮೊದಲ ದಿನ ಅವನು ಬೂಟಿನ ದಾರ ಕಟ್ಟಲು ಬಗ್ಗಿ, ಹಾಗೇ ನಿಂತುಬಿಟ್ಟಿದ್ದ. ಎರಡನೆಯ ದಿನ ದಾರ ಬಿಚ್ಚಿಕೊಂಡೇ ಹೋದ. ಅವನ ಮನೆಯಲ್ಲಿ ಜಗಳ ನಿಂತು ವರ್ಷಗಳಾಗಿದ್ದವು. ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಕೂತು ಬೀದಿಯ ಗ್ರೂಪಿನಲ್ಲಿ ಮಾತಾಡುತ್ತಿದ್ದರು. ಅವನು ಹಾಕಿದ್ದಕ್ಕೆ ಅವಳು ಮೆಚ್ಚುಗೆಯ ಹೆಬ್ಬೆರಳು ಒತ್ತುತ್ತಿದ್ದಳು.

ತಮಾಷೆಯೆಂದರೆ, ಮುದ್ರಣಾಲಯದಲ್ಲಿ ಕರಡು ತಿದ್ದುವವನೆಂದು ಗ್ರೂಪಿನ ನಿಯಮಗಳನ್ನು ಅವನ ಕೈಯಲ್ಲೇ ಬರೆಸಿ ಅಡ್ಮಿನ್ ಮಾಡಿದ್ದರು. ನಾಲ್ಕನೆಯದು: 'ಅಪರಿಚಿತರು ಕಂಡುಬಂದಲ್ಲಿ, ಮಾತಿಗಿಳಿಯದೆ, ಮೊದಲು ಚಿತ್ರವನ್ನು ಗ್ರೂಪಿಗೆ ಹಾಕತಕ್ಕದ್ದು.' 'ಮಾತಿಗಿಳಿಯದೆ' ಎಂಬುದು ಅವನದೇ ಸೇರ್ಪಡೆ. ಬರೆದಾಗ ಅವನಿಗೆ ಬಹಳ ಚೆನ್ನಾಗಿ ಕಂಡಿತ್ತು.

ಮುದ್ರಣಾಲಯದಲ್ಲಿ ಆ ದಿನ ಶಾಲೆಯ ರೇಖಾಗಣಿತದ ಕರಡು. ಮಧ್ಯಾಹ್ನದೊಳಗೆ ಗ್ರೂಪಿನಲ್ಲಿ ನೂರ ನಲವತ್ತು ಸಂದೇಶ. 'ಮೊನ್ನೆ ನಮ್ಮ ಗೇಟು ಅಲ್ಲಾಡಿಸಿದ್ದ.' 'ಮಗುವನ್ನೇ ದಿಟ್ಟಿಸ್ತಿದ್ದ.' 'ಕೈಯಲ್ಲಿ ಏನೋ ಇತ್ತು.' ಕೈಯಲ್ಲಿ ಏನೂ ಇರಲಿಲ್ಲ. ಆದರೂ ಅವನು ಒಮ್ಮೆ ತನ್ನ ಕೈ ನೋಡಿಕೊಂಡ.

ಒಬ್ಬರಾದರೂ 'ಅಯ್ಯೋ, ಇವರು ಇಪ್ಪತ್ತೆರಡನೇ ಮನೆಯವರಲ್ವಾ!' ಅಂದರೆ ಸಾಕಿತ್ತು. ಅವನಿಗೆ ಬೇಕಾಗಿದ್ದದ್ದು ಅದೊಂದೇ. ಪ್ರತಿ ಸಾಲು ಬಂದಾಗಲೂ ಕರಡು ಬಿಟ್ಟು ಫೋನು ಎತ್ತುತ್ತಿದ್ದ, ಓದಿ ಮತ್ತೆ ಕೆಳಗಿಡುತ್ತಿದ್ದ. ಎಂಟು ವರ್ಷದಿಂದ ಅದೇ ಬೀದಿ, ಅದೇ ಕಾಲು. 'ಅಡ್ಮಿನ್ ಸರ್ ಯಾಕೆ ಸುಮ್ನಿದ್ದಾರೆ?' ಎಂದು ಯಾರೋ ಕೇಳಿದರು. ಅವನು ಕರ್ನಲ್‌ನ ಫೋಟೋಗೆ ಹೆಬ್ಬೆರಳು ಒತ್ತಿದ.

ಸಂಜೆ ಬೀದಿಯ ತಿರುವಿನಲ್ಲಿ ಕರ್ನಲ್ಲೇ ಅಡ್ಡ ನಿಂತ.

"ಯಾರ ಮನೆಗೆ?"

"ಇಪ್ಪತ್ತೆರಡು."

"ಓಹೋ! ರೂಲ್ಸ್ ಬರೆದವರು! ಗ್ರೂಪಲ್ಲಿ ನಿಮ್ಮ ಫೋಟೋ ಇರೋ ಜಾಗದಲ್ಲಿ ಗುಡ್ಡದ ಚಿತ್ರ ಇದೆ, ಮುಖ ಎಲ್ಲಿ ಗೊತ್ತಾಗಬೇಕು ಹೇಳಿ!"

"ಆ ಮನುಷ್ಯನ ವಿಷಯ..."

"ಅವನಾ? ಇವತ್ತು ಬರಲಿ. ಕಾಲು ಮುರಿದು ಕೈಗೆ ಕೊಡ್ತೀವಿ."

"ಒಳ್ಳೇದು," ಎಂದ ಅವನು. ಮನೆಯವರೆಗೂ ಎಡಗಾಲನ್ನು ನೆಟ್ಟಗಿಟ್ಟು ನಡೆದ. ನೋವಾಯಿತು.

ಏಳಕ್ಕೆ ಐದು ನಿಮಿಷವಿದ್ದಾಗ ಹೆಂಡತಿ ಬಚ್ಚಲಲ್ಲಿದ್ದಳು. "ಹೀಗೆ ಹೋಗಿ ಬರ್ತೀನಿ," ಎಂದು ಬಾಗಿಲಿಗೆ ಹೇಳಿ ಹೊರಬಿದ್ದ. ಟೋಪಿ ಹಾಕಲಿಲ್ಲ. ಮುಖ ತೋರಿಸಿಬಿಡುವುದು, ಗುರುತು ಹಿಡಿಯಲಿ, ಬೈಯಲಿ, ನಗಲಿ. ಕರ್ನಲ್ ಗುಂಪು ಕಟ್ಟಿಕೊಂಡು ಕಾದಿರಬಹುದೆಂದುಕೊಂಡಿದ್ದ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಹದಿನೇಳನೇ ಮನೆಯ ಕಿಟಕಿ ಮುಚ್ಚಿತ್ತು. ಹೊಸ ಪರದೆ ಬೇರೆ. ಕಿವಿಗೊಟ್ಟ, ಜಗಳವಿಲ್ಲ, ನಗುವಿಲ್ಲ. ತನ್ನಿಂದಲೇ ಆ ಕಿಟಕಿ ಮುಚ್ಚಿತೆಂದು ಹೊಳೆದು ಅವನಿಗೆ ಅಳು ಬಂತು. ಅಳು ತಡೆದುಕೊಂಡು ಕಂಬದತ್ತ ಮುಖವೆತ್ತಿದ. ಫಕ್ಕನೆ ಕ್ಯಾಮೆರಾ ಪಕ್ಕದ ದೀಪ ಹೊತ್ತಿತು.

ಜೇಬಿನಲ್ಲಿ ಫೋನು ನಡುಗಿತು. 'ಬಂದಿದ್ದಾನೆ!!' ಚಿತ್ರದಲ್ಲಿ ದೀಪ ಬಿದ್ದು ಮುಖವೆಲ್ಲ ಬೆಳ್ಳಗೆ, ಕಣ್ಣಿಲ್ಲ, ಮೂಗಿಲ್ಲ. 'ಯಾರಿಗಾದ್ರೂ ಗೊತ್ತಾ?' 'ಇಲ್ಲ.' 'ಇಲ್ಲ.' 'ಯಾರೂ ಹೊರಗೆ ಬರಬೇಡಿ.' ಅವನ ಬೆರಳು ತಾನಾಗಿ ಬರೆಯಿತು: 'ಅದು ನಾನು.' ಕಳಿಸಿದ.

'ಸರ್, ಇದು ತಮಾಷೆ ಮಾಡೋ ಹೊತ್ತಲ್ಲ,' ಎಂದು ಕರ್ನಲ್ ಬರೆದ. ಮೂವತ್ತೊಂದು ಜನ ಅದಕ್ಕೆ ಹೆಬ್ಬೆರಳು ಒತ್ತಿದರು. ಆಮೇಲೆ ಹೆಂಡತಿಯ ಸಂದೇಶ, ಅವನೊಬ್ಬನಿಗೇ: 'ಎಲ್ಲಿದ್ದೀರಿ? ಬೇಗ ಬನ್ನಿ. ಅವನು ಬೀದಿಯಲ್ಲೇ ಇದ್ದಾನೆ.'

ಅವನು ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ಆದರೂ ಹೆಜ್ಜೆ ಚುರುಕಾಯಿತು. ಮನೆ ಸೇರುವ ಹೊತ್ತಿಗೆ ಓಡುತ್ತಿದ್ದ.

ಬಾಗಿಲು ಬಡಿದ.

"ಯಾರು?"

"ನಾನು." ಏದುಸಿರು ಬಿಡುತ್ತಾ ಹೇಳಿದ.

"ದನಿ ಬೇರೆ ಥರ ಇದೆ," ಎಂದಳು ಹೆಂಡತಿ ಒಳಗಿಂದ. "ನೀವೇ ಆದ್ರೆ ಗ್ರೂಪಿಗೆ ಒಂದು ಮೆಸೇಜ್ ಹಾಕಿ."

ಅವನು ಫೋನಿನ ಮೇಲೆ ಬಗ್ಗಿದ. ಬೆಳಕು ಮುಖಕ್ಕೆ ಬಡಿಯಿತು. ಬಾಗಿಲ ನಡುವಿನ ಗಾಜಿನ ಕಿಂಡಿ ಕಪ್ಪಾಯಿತು; ಅವಳು ಅದಕ್ಕೆ ಕಣ್ಣಿಟ್ಟಿದ್ದಳು. ಬಾಗಿಲಾಚೆ ಫೋನಿನಲ್ಲಿ ಚಿತ್ರ ತೆಗೆದ ಸಣ್ಣ ಸದ್ದು ಕೇಳಿಸಿತು. ಕೂಡಲೇ ಅವನ ಕೈಯಲ್ಲಿದ್ದ ಫೋನು ನಡುಗಿತು.