ಹತ್ತನೆಯ ಅಸಿಸ್ಟ್

ಬ್ಯಾಸ್ಕೆಟ್‌ಬಾಲ್ ಆಟ ಮುಗಿಯಲು ಇನ್ನೇನು ಕೆಲವೇ ಕ್ಷಣ ಇರುವಾಗ ತಮ್ಮನ ಹೆಸರಿನ ಮುಂದೆ ಒಂಬತ್ತು ಅಸಿಸ್ಟ್ ಇದ್ದವು. ಪಾಯಿಂಟು ಯಾವಾಗಲೋ ಹತ್ತು ದಾಟಿತ್ತು, ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿದ ರಿಬೌಂಡು ಹನ್ನೆರಡಾಗಿತ್ತು. ಇನ್ನೊಂದೇ ಒಂದು ಅಸಿಸ್ಟ್ ಬಿದ್ದರೆ ಮೂರರಲ್ಲೂ ಎರಡಂಕಿ. ಈ ಕ್ಲಬ್ ಹುಟ್ಟಿದಾಗಿನಿಂದ ಯಾವ ಆಟಗಾರನಿಗೂ ದಕ್ಕದ ಸಾಧನೆ ಅದು. ಸ್ಟೇಡಿಯಂ ಪೂರ್ತಿ ಎದ್ದು ನಿಂತಿತ್ತು. ಕೂತೇ ಇದ್ದವನು ಅವನ ಅಣ್ಣ. ಕೂರುವುದೇ ಅವನ ಕೆಲಸವಾಗಿತ್ತು.

ಅಂಕಣದ ಪಕ್ಕದ ಉದ್ದ ಮೇಜಿನಲ್ಲಿ ಅಣ್ಣ ಕಣ್ಣು, ಬಲಗಡೆ ಕೂತ, ಅವನು ಅಕ್ಕ ಎಂದು ಕರೆಯುವ ಸಹೋದ್ಯೋಗಿ ಬೆರಳು. ಅವನು ಆಟದಿಂದ ಕಣ್ಣು ತೆಗೆಯದೆ ಹೇಳುತ್ತಾ ಹೋಗಬೇಕು, ಆಕೆ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಒತ್ತುತ್ತಾ ಹೋಗಬೇಕು. ಚೆಂಡು ಬುಟ್ಟಿಗೆ ಬಿತ್ತೋ ಇಲ್ಲವೋ ಎಂದು ಕುರುಡನೂ ಹೇಳಿಯಾನು, ಜನರ ಕೂಗೇ ಸಾಕು. ಅಸಿಸ್ಟ್ ಹಾಗಲ್ಲ. ಪಾಸ್ ಕೊಟ್ಟವನಿಂದಲೇ ಬುಟ್ಟಿಯಾಯಿತೋ, ಹಿಡಿದವನು ಸ್ವಂತ ಚಾಕಚಕ್ಯದಿಂದ ಹಾಕಿಕೊಂಡನೋ ಎಂದು ಮೇಜಿನ ಕಣ್ಣೇ ತೀರ್ಮಾನಿಸಬೇಕು. ಅವನು ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ.

ತಮ್ಮನಿಗೆ ಪಾಸ್ ಮಾಡುವುದನ್ನು ಕಲಿಸಿದ್ದೂ ಇದೇ ಅಣ್ಣ. ಒಂದು ಕಡೆ ನೋಡುತ್ತಾ ಇನ್ನೊಂದು ಕಡೆ ಕೊಡುವ ಮಾಟ ಅವನದೇ. ಆಗ ಬೀದಿಯೆಲ್ಲ ಅಣ್ಣನನ್ನೇ ಹೊಗಳುತ್ತಿತ್ತು, ತಮ್ಮ ಚೆಂಡು ಹೆಕ್ಕಿಕೊಡುವ ಮೂಗು ಸೋರುವ ಪೋರ. ಕ್ಲಬ್ಬಿನವರು ಆಯ್ಕೆಗೆ ಕರೆದ ಹೊತ್ತಿಗೆ ಸರಿಯಾಗಿ ಅಣ್ಣನ ಮೊಣಕಾಲು ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎರಡು ವರ್ಷ ಬಿಟ್ಟು ತಮ್ಮನ ಬಾಯಿಗೆ ಬಂತು. "ಅವ್ನು ಆಡ್ಲಿ ಬಿಡೋ, ನಿನ್ನಷ್ಟು ಚೆನ್ನಾಗಿ ಆಟ ನೋಡೋರು ಯಾರಿದ್ದಾರೆ?" ಎಂದು ಅಮ್ಮ ಸಮಾಧಾನ ಹೇಳಿದ್ದಳು. ಆ ಸಮಾಧಾನ ಅವನಿಗೆ ಇಂದಿಗೂ ಜೀರ್ಣವಾಗಿರಲಿಲ್ಲ.

ಹೊಟ್ಟೆಕಿಚ್ಚು ಇತ್ತೇ? ಧಾರಾಳವಾಗಿತ್ತು. ತಮಾಷೆಯೆಂದರೆ ಲೋಕ ಅದಕ್ಕೆ ಪ್ರಾಮಾಣಿಕತೆ ಎಂದು ಹೆಸರಿಟ್ಟಿತ್ತು. "ಸ್ವಂತ ತಮ್ಮನಿಗೂ ಎಳ್ಳಷ್ಟು ಹೆಚ್ಚು ಕೊಡೋನಲ್ಲ" ಎಂದು ಕ್ಲಬ್ಬಿನವರು ಬೆನ್ನು ತಟ್ಟುತ್ತಿದ್ದರು. ಅನುಮಾನ ಬಂದಾಗ ಬೇರೆಯವರಿಗೆ ಕೊಡುತ್ತಿದ್ದ, ತಮ್ಮನಿಗೆ ಕೊಡುತ್ತಿರಲಿಲ್ಲ, ಅಷ್ಟೇ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಈಗ ಚೆಂಡು ತಮ್ಮನ ಕೈಯಲ್ಲಿತ್ತು. ಅವನು ಎಡಕ್ಕೆ ನೋಡಿದ. ಎದುರಾಳಿಗಳು ಎಡಕ್ಕೆ ವಾಲಿದರು. ಚೆಂಡು ಬಲಕ್ಕೆ ಹೋಯಿತು. ಬಲಮೂಲೆಯಲ್ಲಿದ್ದ, ಎಲ್ಲರೂ ಲಂಬು ಎಂದು ಕರೆಯುವ ಆಟಗಾರ ಅದನ್ನು ಹಿಡಿದು, ಒಂದು ಸಲ ನೆಲಕ್ಕೆ ಪುಟಿಸಿ, ಎಸೆದ. ಬಿತ್ತು.

"ಲಂಬು, ಎರಡು ಪಾಯಿಂಟು" ಎಂದಷ್ಟೇ ಹೇಳಿದ ಅಣ್ಣ.

ಅಕ್ಕನ ಬೆರಳು ಕೀಲಿಯ ಮೇಲೆ ತಡೆಯಿತು. "ಅಸಿಸ್ಟು?"

"ಇಲ್ಲ. ಪುಟಿಸಿದ್ದಾನೆ."

"ಆಗ್ಲೇ ಆ ಟೀಮಿನವ್ನಿಗೆ, ಎರಡು ಸಲ ಪುಟಿಸಿದ್ರೂ ಪರವಾಗಿಲ್ಲ ಕೊಡಿ ಅಂದ್ರಲ್ಲ."

"ಇಲ್ಲ ಅಂದ್ನಲ್ಲ ಅಕ್ಕ."

ಹಾರ್ನ್ ಕೂಗಿತು. ಪಂದ್ಯ ಗೆದ್ದಿತ್ತು ಕ್ಲಬ್, ಆದರೆ ದೊಡ್ಡ ಪರದೆಯಲ್ಲಿ ಒಂಬತ್ತು ಒಂಬತ್ತಾಗಿಯೇ ಉಳಿಯಿತು. ಜನ ಛೆ ಎಂದರು. ಅಣ್ಣನ ಎದೆಯೊಳಗೆ ಏನೋ ತಣ್ಣಗಾಯಿತು. ಅದು ಸಂತೋಷವೇ, ಸುಳ್ಳೇಕೆ.

ಕೋಚ್ ದಾಪುಗಾಲು ಹಾಕಿಕೊಂಡು ಮೇಜಿಗೆ ಬಂದು, ವಿಡಿಯೊ ನೋಡಿ ಇನ್ನೊಮ್ಮೆ ಹೇಳಿ ಎಂದ. ಹಾಗೆ ಕೇಳಿದರೆ ನೋಡಲೇಬೇಕು ಎಂಬುದು ನಿಯಮ. ನೋಡಬೇಕಾದವನೂ ಅದೇ ಕಣ್ಣಿನವನು. ಅಂಕಪಟ್ಟಿಗೆ ಅವನು ಸಹಿ ಹಾಕಿದ ಮೇಲೆ ಬ್ರಹ್ಮ ಬಂದರೂ ಅಂಕಿ ಬದಲಾಗದು. ಹಿಂದಿನ ಕಿರುಕೋಣೆಯಲ್ಲಿ ಅಣ್ಣ ವಿಡಿಯೊ ಹಾಕಿದ. ನೋಡಲು ಏನಿತ್ತು? ಚೆಂಡು ಕೈಗೆ ಬಂದಾಗ ಲಂಬುವಿನ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಕೊಡಬಹುದಾದ ಅಸಿಸ್ಟ್. ಆದರೂ ಒಂಬತ್ತಕ್ಕೇ ಸಹಿ ಹಾಕೋಣವೆಂದು ಪೆನ್ನಿನ ಮುಚ್ಚಳ ತೆಗೆದ.

ಆಗ ತಮ್ಮ ಬಾಗಿಲಲ್ಲಿ ಇಣುಕಿದ. ಹೆಗಲ ಮೇಲೆ ಟವೆಲ್ಲು, ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಬರೀ ಸಾಕ್ಸು.

"ಕೋಚ್ ಮಾತು ಮನಸ್ಸಿಗೆ ಹಚ್ಕೋಬೇಡ ಅಣ್ಣ. ನೀನು ಇಲ್ಲ ಅಂದ್ರೆ ಇಲ್ಲ. ಸಹಿ ಹಾಕಿ ಬಾ, ಅಮ್ಮ ಕಾಯ್ತಿದ್ದಾಳೆ."

"ನಿಂಗೆ ಬೇಜಾರಿಲ್ವಾ?"

"ಒಂಬತ್ತೇನು ಕಮ್ಮಿನಾ?" ಎಂದು ನಕ್ಕು ಹೋದ.

ಆ ನಗು ಗಾಯಕ್ಕೆ ಉಪ್ಪು ಸವರಿದಂತಾಯಿತು. ಗಟ್ಟಿ ಮೊಣಕಾಲು ಅವನದು, ಚಪ್ಪಾಳೆ ಅವನದು, ಅಮ್ಮನ ಹೆಮ್ಮೆ ಅವನದು. ಈಗ ದೊಡ್ಡ ಮನಸ್ಸೂ ಅವನದೇ ಆಗಬೇಕೇ? ಅಣ್ಣನಿಗೆ ಅಂತ ಏನನ್ನೂ ಉಳಿಸುವುದಿಲ್ಲವೇ ಈ ಮಹಾನುಭಾವ? ಉಳಿದದ್ದೆಲ್ಲ ಹೋಗಲಿ, ಈ ದೊಡ್ಡ ಮನಸ್ಸೊಂದನ್ನು ಅವನಿಗೆ ಬಿಡಲಾರೆ ಎನಿಸಿತು. ಒಂಬತ್ತನ್ನು ಹೊಡೆದು ಹಾಕಿ, ಕಾಗದ ಹರಿಯುವಷ್ಟು ಒತ್ತಿ ಹತ್ತು ಬರೆದು ಸಹಿ ಹಾಕಿದ. ಎಷ್ಟೋ ನ್ಯಾಯ ಲೋಕದಲ್ಲಿ ಹೀಗೇ ಆಗುತ್ತದೆ.

ಮೈಕಿನಲ್ಲಿ ಕೂಗಿ ಹೇಳಿದಾಗ, ಹೊರಗೆ ಹೊರಟಿದ್ದ ಜನ ಬಾಗಿಲಿನಿಂದ ವಾಪಸು ಬಂದರು. ಜೊತೆಗಾರರು ತಮ್ಮನನ್ನು ಎತ್ತಿ ಕುಣಿಸಿದರು. ಅಣ್ಣ ಮೇಜಿನ ಬಳಿ ಚೀಲ ಕಟ್ಟುತ್ತಾ ಕಾದ. ಈಗ ಬರುತ್ತಾನೆ, ತಬ್ಬಿಕೊಳ್ಳುತ್ತಾನೆ, ಋಣ ಮರೆಯಲ್ಲ ಎನ್ನುತ್ತಾನೆ. ಆ ಒಂದು ಗಳಿಗೆಯಾದರೂ ತಾನು ಕೊಡುವವನು, ಅವನು ಪಡೆಯುವವನು.

ತಮ್ಮ ಬಂದ. ಮುಖದಲ್ಲಿ ಕಳೆಯಿರಲಿಲ್ಲ.

"ಯಾಕಣ್ಣ ಬದಲಾಯಿಸ್ದೆ?"

"ಅದು ಅಸಿಸ್ಟೇ. ವಿಡಿಯೊದಲ್ಲಿ ಸರಿಯಾಗಿ ಕಾಣಿಸ್ತು."

"ವಿಡಿಯೊ ಯಾಕೆ ಬೇಕು? ನೀನೇ ಕಲ್ಸಿದ ಪಾಸು. ಚೆಂಡು ನನ್ನ ಕೈ ಬಿಟ್ಟಾಗ್ಲೇ ನಿಂಗೆ ಗೊತ್ತಾಗಿರುತ್ತೆ."

ಅಣ್ಣ ಚೀಲದ ಜಿಪ್ ಎಳೆಯುತ್ತಲೇ ಇದ್ದ.

"ಇಷ್ಟು ವರ್ಷ ನೀನು ಯಾವ್ಯಾವ್ದು ಕೊಡ್ಲಿಲ್ಲ ಅಂತ ನಂಗೊತ್ತು" ಎಂದ ತಮ್ಮ, ದನಿ ತಗ್ಗಿಸಿ. "ಒಂದಿನಾನೂ ಕೇಳ್ಲಿಲ್ಲ. ಅವು ನಿನ್ನ ಹತ್ರಾನೇ ಇರ್ಲಿ ಅಂತ ಬಿಟ್ಟಿದ್ದೆ. ಇದನ್ನೂ ಇಟ್ಕೊಂಡಿದ್ರೆ ಆಗ್ತಿತ್ತು."

ತಮ್ಮ ಅವನ ಚೀಲವನ್ನು ತನ್ನ ಹೆಗಲಿಗೇರಿಸಿಕೊಂಡು, ಅಣ್ಣನ ಕುಂಟು ನಡಿಗೆಗೆ ಹೊಂದುವಂತೆ ಹೆಜ್ಜೆ ನಿಧಾನ ಮಾಡಿ ಬಾಗಿಲ ಕಡೆ ನಡೆದ. ಅವನು ಮೊದಲಿನಿಂದಲೂ ಹಾಗೇ ನಡೆಯುತ್ತಿದ್ದ. ಆಟ ನೋಡುವುದರಲ್ಲಿ ಎತ್ತಿದ ಕೈಯಾದ ಅಣ್ಣ ಅದನ್ನು ನೋಡಿದ್ದು ಇವತ್ತೇ, ಮತ್ತು ಅದಕ್ಕೂ ಅವನ ಹೊಟ್ಟೆ ಉರಿಯಿತು.