ಗುರುತು ಹಾಕಿದ ಹಾಳೆಗಳು

ಪುಸ್ತಕಗಳಿಗೆ ರಟ್ಟು ಕಟ್ಟಿಯೇ ದೊಡ್ಡಮ್ಮ ಸತ್ತ ತಂಗಿಯ ಮಗಳನ್ನು ಸಾಕಿದ್ದು. ಈಗ ಹುಡುಗಿಗೆ ಮದುವೆ ಗೊತ್ತಾಗಿತ್ತು. ಒಂದು ಮಧ್ಯಾಹ್ನ ಅವಳು ಬೆನ್ನು ಮುರಿದ ದಪ್ಪ ಪುಸ್ತಕವೊಂದನ್ನು ತಂದು ದೊಡ್ಡಮ್ಮನ ಮಡಿಲಿಗೆ ಹಾಕಿದಳು. ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಎಲ್ಲರ ಕೈಯಲ್ಲೂ ಆಗ ಅದೇ ಕಾದಂಬರಿ.

"ಇದು ಅವರ ಪ್ರತಿ. ಹೇಳದೆ ಕಾರಿಂದ ಎತ್ಕೊಂಡು ಬಂದೆ. ಹೊಸದು ಮಾಡಿ ಕೊಟ್ರೆ ಖುಷಿಪಡ್ತಾರೆ. ಓದಬೇಡ ಮತ್ತೆ, ಕಿವಿ ಕೆಂಪಾಗುತ್ತೆ."

"ನಾನು ಮೂರನೇ ಕ್ಲಾಸು ಕಣೇ. ಕೆಂಪಾಗೋ ಜಾಗ ಮುಟ್ಟೋಷ್ಟರಲ್ಲಿ ಕಣ್ಣೇ ಹೋಗಿರುತ್ತೆ."

ಹೊಲಿಗೆ ಬಿಚ್ಚಿ ಒಂದೊಂದೇ ಹಾಳೆಯ ಹಳೇ ಅಂಟು ಒರೆಸುವುದು ದೊಡ್ಡಮ್ಮನ ಪದ್ಧತಿ. ಒರೆಸುತ್ತಾ ಬೆರಳಿಟ್ಟು ಓದುವ ಚಾಳಿಯೂ ಹಾಗೇ ಹತ್ತಿಕೊಂಡಿತ್ತು. ಹಾಸಿಗೆಯ ಪುಟಗಳು ಬಂದವು. ಏದುಸಿರು, ಬಿಚ್ಚಿದ ಗುಂಡಿ, ಮತ್ತೆ ಏದುಸಿರು. ಇಷ್ಟಕ್ಕೇ ಊರೆಲ್ಲ ಕುಣೀತಿದೆಯಾ ಎಂದುಕೊಂಡಳು. ಆ ಹಾಳೆಗಳು ಕೈಯಾಡದ ಹೊಸ ಹಾಳೆಗಳಂತಿದ್ದವು. ಪೆನ್ಸಿಲಿನ ಗೆರೆ ಎಳೆದದ್ದು ಬೇರೆ ಕಡೆ.

ನಾಯಕ ನಾಯಕಿಯ ಫೋನನ್ನು ತನ್ನಲ್ಲೇ ಇಟ್ಟುಕೊಳ್ಳುವಲ್ಲಿ ಒಂದು ಗೆರೆ; ಪಕ್ಕದಲ್ಲಿ ಸರಿ ಗುರುತು, ತಾರೀಖು. ಗೆಳತಿಯ ಸಹವಾಸ ಬಿಡಿಸುವಲ್ಲಿ ಇನ್ನೊಂದು. ಕೆಲಸ ಬಿಡಿಸುವಲ್ಲಿ ಮತ್ತೊಂದು.

ದೊಡ್ಡಮ್ಮನ ಕೈ ನಿಂತಿತು. ಹುಡುಗಿಯ ಫೋನು ರಿಪೇರಿಗೆಂದು ಅವಳನ್ನು ಮದುವೆಯಾಗುವವನ ಹತ್ತಿರ ಹೋಗಿ ತಿಂಗಳಾಗಿತ್ತು. ದಿನಾ ಬರುತ್ತಿದ್ದ ಗೆಳತಿ ಇತ್ತ ತಲೆ ಹಾಕಿರಲಿಲ್ಲ. ಔಷಧಿ ಅಂಗಡಿಯ ಕೆಲಸವನ್ನು ಬೇಜಾರೆಂದು ಬಿಟ್ಟದ್ದು ಹೋದ ಸೋಮವಾರ. ಹಾಳೆಯ ಮೇಲಿನ ತಾರೀಖೂ ಅದೇ.

ಕೊನೆಯ ಗೆರೆಯ ಪಕ್ಕ ಗುರುತಿರಲಿಲ್ಲ, ಇವತ್ತಿನ ತಾರೀಖು ಮಾತ್ರ ಇತ್ತು. ನಾಯಕಿಯನ್ನು ಒಂಟಿ ಮನೆಯೊಂದಕ್ಕೆ ಕರೆದೊಯ್ದು, ಅವಳ ಮನೆಯವರಿಗೆ ವಿಳಾಸವನ್ನೇ ಕೊಡದ ಪುಟ ಅದು.

"ಸಂಜೆ ಎಲ್ಲಿಗೇ ಹೊರಟಿರೋದು?"

"ಹೊಸ ಮನೆ ತೋರಿಸ್ತಾರಂತೆ. ಎಲ್ಲಿ ಅಂತ ಹೇಳ್ಲಿಲ್ಲ, ಬಂದು ನೋಡು ಅಂದ್ರು."

ದೊಡ್ಡಮ್ಮ ಗೆರೆ ಎಳೆದ ನಾಲ್ಕು ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಹಾಸಿದಳು. ಹುಡುಗಿ ಬಗ್ಗಿ ನೋಡಿ ನಕ್ಕಳು.

"ಪ್ರೀತಿಗೆ ಬರ್ಕೊಂಡಿರ್ತಾರೆ, ನಿಂಗೆಲ್ಲದರಲ್ಲೂ ಅನುಮಾನ."

"ತಾರೀಖು ನೋಡು."

ನೋಡಿದಳು. ನಗು ಅರ್ಧಕ್ಕೇ ನಿಂತಿತು. "ಇದು... ಫೋನು ನೀರಿಗೆ ಬಿದ್ದ ದಿನ. ಅವರ ಕೈಯಿಂದ್ಲೇ ಜಾರಿದ್ದು ದೊಡ್ಡಮ್ಮ."

ಹೊರಗೆ ಕಾರು ನಿಂತಿತು. ಹುಡುಗಿ ಅಭ್ಯಾಸದ ಮೇಲೆ ದಡಬಡನೆ ಎದ್ದು ಬಾಗಿಲ ತನಕ ಹೋದಳು. ತೆರೆಯಲಿಲ್ಲ. ಸದ್ದಾಗದಂತೆ ಚಿಲಕ ಹಾಕಿದಳು.

"ದೊಡ್ಡಮ್ಮಾ," ಹೊರಗಿನಿಂದ ಮೆತ್ತನೆಯ ದನಿ ಕೇಳಿತು. "ನನ್ನ ಪುಸ್ತಕ ನಿಮ್ಮ ಹತ್ರ ಇದೆಯಾ?"

ದೊಡ್ಡಮ್ಮ ನೆಲದ ಹಾಳೆಗಳನ್ನು ಬಾಚಿ ಸೆರಗಿಗೆ ಕಟ್ಟಿಕೊಂಡಳು.

"ಅವಸರ ಏನಿಲ್ಲ. ಕಾಯ್ತೀನಿ."

ಅವನು ಮೆಟ್ಟಿಲ ಮೇಲೆ ಕೂತ ಸದ್ದಾಯಿತು. ತುಸು ಹೊತ್ತಿಗೆ ಎದ್ದ ಸದ್ದು. ಹೆಜ್ಜೆಗಳು ಗೋಡೆಗುಂಟ ಹಿತ್ತಲ ಕಡೆಗೆ ತಿರುಗಿದವು. ಹಿತ್ತಲ ಬಾಗಿಲಿಗೆ ಚಿಲಕವಿರಲಿಲ್ಲ. ದೊಡ್ಡಮ್ಮ ಹುಡುಗಿಯನ್ನು ಬೆನ್ನ ಹಿಂದೆ ಮಾಡಿಕೊಂಡು, ಹೊಲಿಯುವ ದಬ್ಬಣ ಹಿಡಿದು ಅತ್ತ ನಡೆದಳು.