ಸೀರೆಯ ಮುಖ, ಎಲೆಕ್ಟ್ರಾನಿನ ಬೆನ್ನು

ಚಳ್ಳಕೆರೆ ಬಳಿಯ ಪ್ರಯೋಗಾಲಯವೊಂದರಲ್ಲಿ ತೇಜಶ್ರೀಯ ಕೆಲಸ ಇಷ್ಟೇ: ಕಂಪ್ಯೂಟರಿನೊಳಗೆ ಎಲೆಕ್ಟ್ರಾನುಗಳ ಮೇಲೆ ಪ್ರಚಂಡ ಲೇಸರ್ ಬೆಳಕು ಹಾಯಿಸಿ, ಅವುಗಳ ಸ್ಪಿನ್ ಎಂಬ ಪುಟ್ಟ ಬಾಣ ಯಾವ ಕಡೆ ತಿರುಗುತ್ತದೆಂದು ನೋಡುವುದು. ನೋಡುವವರತ್ತ ಮುಖ ಮಾಡಿದರೆ ಕೆಂಪು ಚುಕ್ಕಿ, ಬೆನ್ನು ಹಾಕಿದರೆ ನೀಲಿ. ಲೆಕ್ಕದ ಪ್ರಕಾರ ಹೆಚ್ಚಿನವು ನೀಲಿಯಾಗಬೇಕು. ಹಾಳಾದವು, ಪರದೆ ತುಂಬ ಕೆಂಪು! ಸಮೀಕರಣಗಳನ್ನೆಲ್ಲ ಜಾಲಾಡಿದರೂ ತಪ್ಪು ಸಿಗಲಿಲ್ಲ.

ಭಾನುವಾರ ಸಿಟ್ಟಿನಲ್ಲೇ ಮೊಳಕಾಲ್ಮೂರಿನ ಮನೆಗೆ ಬಂದಳು. ಅವ್ವ ರಂಗಕ್ಕ ರೇಷ್ಮೆ ಸೀರೆ ನೇಯುತ್ತಿದ್ದಳು. ಅವರ ಮಗ್ಗದಲ್ಲಿ ಸೀರೆಯ ಮುಖ ಕೆಳಗಿರುತ್ತದೆ, ಬೆನ್ನು ಮೇಲಿರುತ್ತದೆ.

"ಬಂದ್ಯಾ? ಕನ್ನಡಿ ಹಿಡಿ ಬಾರೇ. ನವಿಲು ಸರಿಯಾಗಿ ಬಂದೈತೇನು ನೋಡು."

ಚಿಕ್ಕಂದಿನಿಂದ ಮಾಡುತ್ತ ಬಂದಂತೆ ತೇಜಶ್ರೀ ಮಗ್ಗದಡಿ ಕನ್ನಡಿ ಹಿಡಿದು ಸೀರೆಯನ್ನು ಕೆಳಗಿನಿಂದ ನೋಡಿದಳು. ನವಿಲು ಚೆನ್ನಾಗಿತ್ತು. ಮರುಕ್ಷಣವೇ ಅವಳು ಬಿದ್ದು ಬಿದ್ದು ನಗತೊಡಗಿದಳು. ಮೇಲಿನಿಂದ ನೋಡಬೇಕಿದ್ದ ಆ ಎಲೆಕ್ಟ್ರಾನುಗಳನ್ನೂ ಅವಳು ಪರದೆಯಲ್ಲಿ ಕೆಳಗಿನಿಂದಲೇ ಕಾಣುವಂತೆ ಇಟ್ಟಿದ್ದಳು!

ಸೋಮವಾರ ಮೇಲಿನಿಂದ ತೋರಿಸಿದಾಗ ಪರದೆಯೆಲ್ಲ ನೀಲಿ. ಅವಳ ಸಂಶೋಧನೆಯ ಗೈಡ್ ಓಂಕಾರಮೂರ್ತಿ ಹಣೆ ಚಚ್ಚಿಕೊಂಡರು.

"ಯಾರಾದ್ರೂ ಕೆಳಗಿಂದ ನೋಡ್ತಾರೇನಮ್ಮಾ?"

"ನಮ್ಮನೇಲಿ ಎಲ್ರೂ, ಸಾರ್."